ಜೊತೆಗೆ ಇಳಿದವಳು

ಹಲ್ಲಿನ ಡಾಕ್ಟರುಗಳು ಅಳತೆ ತೆಗೆದು ಕಳಿಸಿದ ಬೊಚ್ಚುಬಾಯಿಗಳಿಗೆ ಹಲ್ಲು ಕೂರಿಸುವುದು ಅವಳ ಕಸುಬು. ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ರಸ್ತೆಯಲ್ಲಿ ಹೋಗುವವರ ಪಾದಗಳಷ್ಟೇ ಕಾಣುವ ಕಿಟಕಿಯ ಕೆಳಗೆ ಅವಳ ಮೇಜು. ಮೇಜಿನ ತುಂಬ ಗಚ್ಚಿನ ಬಿಳಿ ದವಡೆಗಳು, ಗುಲಾಬಿ ಮೇಣದ ಹಾಳೆಗಳು, ಒಂದು ಸ್ಪಿರಿಟ್ ದೀಪ, ಕಡ್ಡಿಯಂಥ ಚಾಕುಗಳು. ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಒಸಡಿನಂತೆ ಒತ್ತಿ, ಒಂದೊಂದೇ ಹಲ್ಲನ್ನು ನಿಲ್ಲಿಸುತ್ತ ಹೋಗುವಾಗ ಅವಳು ಅವುಗಳ ಜೊತೆ ಮಾತಾಡುತ್ತಿದ್ದಳು. "ನೀನು ಸ್ವಲ್ಪ ಸರಿ. ನೀನ್ಯಾಕೆ ಎಲ್ಲರಿಗಿಂತ ಮುಂದೆ ಬರ್ತೀಯ? ಗದರಿಸಿಕೊಳ್ಳಬೇಕಾ?" ಜೊತೆ ಕೆಲಸದವರೆಲ್ಲ ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತಂತೆ. ಆಮೇಲಾಮೇಲೆ ಅವಳೇ ಫೋನೆತ್ತಿ "ಹಲ್ಲಕ್ಕ ಮಾತಾಡೋದು" ಎನ್ನತೊಡಗಿದಳು. "ಈ ಊರಲ್ಲಿ ಅರ್ಧ ಜನ ನಗೋದು ನನ್ನ ನಗೂನೇ" ಎಂಬುದು ಅವಳ ಹಳೆಯ ಜೋಕು. ಹೊಸಬರು ಯಾರು ಬಂದರೂ ಅದನ್ನು ಒಂದು ಸಲ ಕೇಳಲೇಬೇಕಿತ್ತು.

ವಯಸ್ಸು ಐವತ್ತೆರಡು. ಒಂಟಿ ಜೀವ. ಒಂದು ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಕೆಳಗಿನಿಂದ ಬಿಸಿ ಬಟ್ಟೆಯ ಹಬೆ ಏರಿ ಬರುತ್ತಿದ್ದುದರಿಂದ ಚಳಿಗಾಲದಲ್ಲಿ ಬೆಚ್ಚಗಿರುತ್ತಿತ್ತು, ಬೇಸಿಗೆಯಲ್ಲಿ ಬೇಯುತ್ತಿತ್ತು. ಮದುವೆಯಾಗದೆ ಉಳಿದದ್ದಕ್ಕೆ ಒಂದು ಕಾರಣವಿತ್ತು. ಇಪ್ಪತ್ತನಾಲ್ಕರಲ್ಲಿ ಅವಳ ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರು ತುಂಬಿದ್ದ ಒಂದು ಕೋಣೆಯಲ್ಲಿ, ಬೆಳಗಿನಿಂದ ಏನೂ ತಿನ್ನದೆ ನಿಂತೇ ಇದ್ದ ಹುಡುಗಿ ದೊಪ್ಪನೆ ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿದ ಕೂಡಲೇ ಎದ್ದು ಕೂತಳು. ಡಾಕ್ಟರು ನೋಡಿ ರಕ್ತ ಕಡಿಮೆ, ಹೊಟ್ಟೆ ಖಾಲಿ, ಬೇರೇನೂ ಇಲ್ಲ ಎಂದರು. ಆದರೆ ಅಷ್ಟು ಹೊತ್ತಿಗೆ ಆ ಕೋಣೆಯಿಂದ ಒಂದು ಮಾತು ಹೊರಬಿದ್ದು ಬೀದಿ ಸುತ್ತತೊಡಗಿತ್ತು: ಹುಡುಗಿಗೆ ಮೂರ್ಛೆರೋಗ. ಮದುವೆ ಮುರಿಯಿತು. ಆಮೇಲೆ ಬಂದ ಸಂಬಂಧಗಳೂ ಹೊಸ್ತಿಲ ಹೊರಗೇ ನಿಂತು ಹಿಂದಿರುಗಿದವು. ಮತ್ತೆಂದೂ ಅವಳು ಹಾಗೆ ಬೀಳಲಿಲ್ಲ. ಎರಡು ವರ್ಷ ನೋಡಿ ಅವಳು ಊರನ್ನೇ ಬಿಟ್ಟಳು. ಹೊಸ ಊರಿನಲ್ಲಿ ಕೆಲಸ ಕಲಿತಳು. ಹಳೆಯದನ್ನು ಯಾರ ಮುಂದೆಯೂ ಎತ್ತಲಿಲ್ಲ, ಒಬ್ಬಳ ಮುಂದೆ ಬಿಟ್ಟು.

ಆ ಒಬ್ಬಳು ಬಸ್ ಕಂಡಕ್ಟರು. ಹಲ್ಲಕ್ಕ ಕೆಲಸಕ್ಕೆ ಹೋಗುತ್ತಿದ್ದ ಬಸ್ಸಿನಲ್ಲಿ ಅವಳದೇ ದರ್ಬಾರು. ಕಂಠ ಎಂಥದೆಂದರೆ, ಅವಳು "ಮುಂದೆ ಹೋಗಿ" ಎಂದರೆ ಬಸ್ಸಿನೊಳಗಿದ್ದವರು ಮಾತ್ರವಲ್ಲ, ಪಕ್ಕದ ಲಾರಿಯೂ ಮುಂದೆ ಹೋಗುತ್ತಿತ್ತು. ಹೊಸ ಊರಿನಲ್ಲಿ ದಿಕ್ಕು ತೋಚದೆ ಕಂಬಿ ಹಿಡಿದು ನಿಂತಿದ್ದ ಹುಡುಗಿಗೆ ಅವಳು ತನ್ನ ಸೀಟನ್ನೇ ಬಿಟ್ಟುಕೊಟ್ಟಿದ್ದಳು. ಅಲ್ಲಿಂದ ಬೆಳೆದ ಸ್ನೇಹ. ಕಂಡಕ್ಟರಮ್ಮನ ಎರಡು ಬಾಣಂತನದಲ್ಲಿ ಬಟ್ಟೆ ಒಗೆದವಳು ಹಲ್ಲಕ್ಕ. ಹಲ್ಲಕ್ಕನಿಗೆ ಜ್ವರ ಬಂದರೆ ಮುಚ್ಚಿದ ಪಾತ್ರೆಯಲ್ಲಿ ಗಂಜಿ ತಂದು, ಅದನ್ನು ಕುಡಿಯುವ ತನಕ ಬೈಯುತ್ತ ಕೂರುತ್ತಿದ್ದವಳು ಕಂಡಕ್ಟರಮ್ಮ. ಡಿಪೋದ ಕಲ್ಲುಬೆಂಚಿನ ಮೇಲೆ ಒಂದು ಮಧ್ಯಾಹ್ನ ಹಲ್ಲಕ್ಕ ಆ ಮುರಿದ ಮದುವೆಯ ಕಥೆ ಹೇಳಿದಾಗ ಕಂಡಕ್ಟರಮ್ಮ ಅವಳ ಎರಡೂ ಕೈ ಹಿಡಿದು, "ಆ ನಾಲಿಗೆಗಳಿಗೆ ಹುಳ ಬೀಳ್ಲಿ. ಇದು ನನ್ನ ಹೊಟ್ಟೇಲೇ ಇರತ್ತೆ ಕಣೇ" ಎಂದಿದ್ದಳು.

ಬೆಟ್ಟಕ್ಕೆ ಹೋಗುವ ಹುಚ್ಚು ಹತ್ತಿದ್ದು ಕಂಡಕ್ಟರಮ್ಮನಿಗೆ, ನಿವೃತ್ತಿಯಾದ ಮೇಲೆ. "ಮೂವತ್ತು ವರ್ಷ ಒಂದೇ ರಸ್ತೇಲಿ ಹೋದೆ, ಬಂದೆ. ಗಾಣದೆತ್ತು ನನಗಿಂತ ವಾಸಿ. ಒಂದು ಸಲ ಆ ಹಿಮದ ಬೆಟ್ಟ ದಾಟಿ ಆ ಕಡೆ ಏನಿದೆ ನೋಡಬೇಕು" ಎಂದಳು. ಗುಂಪುಗಳನ್ನು ಎತ್ತರದ ಬೆಟ್ಟಗಳಿಗೆ ನಡೆಸಿಕೊಂಡು ಹೋಗುವ ಒಂದು ಸಂಸ್ಥೆಯ ವಿಷಯ ಎಲ್ಲೋ ಕೇಳಿ ಬಂದಿದ್ದಳು. ನಾಲ್ಕು ಕಡೆ ಡೇರೆ ಹಾಕಿ ತಂಗುತ್ತ, ಎರಡು ಶಿಖರಗಳ ನಡುವಿನ ಕಂಡಿಯನ್ನು ದಾಟಿ, ಆಚೆಯ ಕಣಿವೆಗೆ ಇಳಿಯುವ ದಾರಿ.

"ದೂರದ ಬೆಟ್ಟ ನುಣ್ಣಗೆ ಕಣೇ" ಎಂದು ಹಲ್ಲಕ್ಕ ತಪ್ಪಿಸಿಕೊಳ್ಳಲು ನೋಡಿದಳು.

"ಹತ್ತಿರ ಹೋಗಿ ಒರಟು ಅಂತಾನಾದ್ರೂ ನೋಡೋಣ" ಎಂದಳು ಕಂಡಕ್ಟರಮ್ಮ.

ಕಂಡಕ್ಟರಮ್ಮನ ಗಂಡ ರೇಡಿಯೋ ರಿಪೇರಿಯವನು. ಅಂಗಡಿಯಲ್ಲಿ ಕೂತಲ್ಲಿಂದಲೇ ಗಹಗಹಿಸಿ ನಕ್ಕ. "ನಮ್ಮೋಳು ಎರಡನೇ ದಿನಕ್ಕೆ ರೈಟ್ ರೈಟ್ ಅಂತ ವಾಪಸ್ ಬರ್ತಾಳೆ. ಬೇಕಾದ್ರೆ ಬರೆದಿಟ್ಟುಕೊಳ್ಳಿ." ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿ ನಗಿಸಿದ. ಕಂಡಕ್ಟರಮ್ಮ ಅವತ್ತಿನಿಂದ ಹಲ್ಲು ಕಚ್ಚಿ ತಯಾರಿಗೆ ನಿಂತಳು. ಬೆಳಗಾಗೆದ್ದು ಬಂದು ಇಸ್ತ್ರಿ ಅಂಗಡಿಯ ಕೆಳಗಿನಿಂದ "ಇಳಿಯೋರು ಇಳೀರಿ!" ಎಂದು ಕೂಗುವಳು. ಇಬ್ಬರೂ ನೀರಿನ ಟ್ಯಾಂಕಿನ ದಿಣ್ಣೆಯನ್ನು ಬೆನ್ನಿಗೆ ಚೀಲ ಹಾಕಿ ಹತ್ತಿಳಿಯುವರು. ಚೀಲದೊಳಗೆ ಭಾರಕ್ಕೆಂದು ಕಂಡಕ್ಟರಮ್ಮ ಗಂಡನ ಹಳೆಯ ಟ್ರಾನ್ಸ್‌ಫಾರ್ಮರುಗಳನ್ನು ತುಂಬಿದ್ದರೆ, ಹಲ್ಲಕ್ಕ ಗಚ್ಚಿನ ಪುಡಿಯ ಮೂಟೆ ಹೊತ್ತಿದ್ದಳು. ಒಲ್ಲೆ ಎಂದವಳಿಗೇ ಹೆಚ್ಚು ರುಚಿ ಹತ್ತಿತು. ಮೊದಲು ತೇಕುತ್ತಿದ್ದ ಹಲ್ಲಕ್ಕ ಕೆಲವೇ ತಿಂಗಳಲ್ಲಿ ದಿಣ್ಣೆಯ ಮೇಲೆ ನಿಂತು ಗೆಳತಿಗಾಗಿ ಕಾಯುವಂತಾದಳು. ಡಾಕ್ಟರ ಹತ್ತಿರ ಹೋಗಿ ಎದೆ, ರಕ್ತ, ಉಸಿರು ಎಲ್ಲ ಪರೀಕ್ಷೆ ಮಾಡಿಸಿಕೊಂಡಳು. "ನಿಮ್ಮ ವಯಸ್ಸಿಗೆ ನನ್ನ ಎದೆ ಹೀಗಿದ್ದರೆ ಸಾಕು" ಎಂದರಂತೆ ಆ ಎಳೆಯ ಡಾಕ್ಟರು.

ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಮುಂದೆ ನಡೆಯುವವನು ಲೀಡರು: ಕೆಂಪು ಜಾಕೀಟು, ಕಡಿಮೆ ಮಾತು, ನಲವತ್ತರ ಆಸುಪಾಸು. ಎಲ್ಲರಿಗಿಂತ ಹಿಂದೆ, ಕೊನೆಯವರು ಎಷ್ಟೇ ನಿಧಾನ ಮಾಡಿದರೂ ಅವರ ಹಿಂದೆಯೇ ಬರುತ್ತಿದ್ದವಳು ಅವನ ಜೊತೆಗಾರ್ತಿ. ತನ್ನನ್ನು ತಾನೇ "ನಾನು ಈ ಗುಂಪಿನ ಬಾಲ" ಎಂದು ಪರಿಚಯಿಸಿಕೊಂಡಿದ್ದರಿಂದ ಎಲ್ಲರೂ ಅವಳನ್ನು ಬಾಲದಕ್ಕ ಎಂದರು. ಅದೇ ಬೆಟ್ಟಗಳ ಹೆಣ್ಣು. ಎರಡು ಮಕ್ಕಳ ತಾಯಿ. ಯಾರ ಉಸಿರು ಹೇಗಿದೆ ಎಂದು ಹಿಂದಿನಿಂದಲೇ ಕೇಳಿ ಹೇಳಬಲ್ಲವಳು.

ಮೊದಲ ಎರಡು ದಿನ ದೇವದಾರು ಕಾಡಿನೊಳಗೆ, ಹೊಳೆಯ ಪಕ್ಕ. ಹಲ್ಲಕ್ಕನ ಕಾಲುಗಳಿಗೆ ಏನೋ ಬಿಡುಗಡೆ ಸಿಕ್ಕಿದಂತಿತ್ತು. ವರ್ಷಗಟ್ಟಲೆ ಕಿಟಕಿಯಲ್ಲಿ ಬರೀ ಪಾದಗಳನ್ನೇ ನೋಡುತ್ತ ಕೂತವಳಿಗೆ ಈಗ ಕತ್ತೆತ್ತಿದರೆ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದಷ್ಟು ಎತ್ತರ. ಶಿಖರದ ಸಾಲು ನೋಡಿ, "ಏನೇ ಇದು, ಇಡೀ ಕೆಳದವಡೆ! ಆ ಕೋರೆಹಲ್ಲು ಮಾತ್ರ ಸ್ವಲ್ಪ ಓರೆ. ನನಗೆ ಬಿಟ್ಟಿದ್ರೆ ಸರಿ ಮಾಡಿರ್ತಿದ್ದೆ" ಎಂದಳು. ಗುಂಪೆಲ್ಲ ನಕ್ಕಿತು. ಕಂಡಕ್ಟರಮ್ಮನೂ ನಕ್ಕಳು, ಆದರೆ ಬಂಡೆಗೊರಗಿಕೊಂಡು.

ಮೂರನೆಯ ತಂಗುದಾಣದಲ್ಲಿ ಮರಗಳು ಮುಗಿದು ಬರೀ ಕಲ್ಲು, ಹುಲ್ಲು. ಅಲ್ಲಿ ಕಂಡಕ್ಟರಮ್ಮನಿಗೆ ತಲೆ ಸಿಡಿಯತೊಡಗಿತು. ಬಂಡೆಯ ಮರೆಗೆ ಹೋಗಿ ಕುಡಿದ ಸೂಪನ್ನೆಲ್ಲ ಕಕ್ಕಿದಳು. ಹಿಂದೆಯೇ ಹೋದ ಹಲ್ಲಕ್ಕ ಅವಳ ಹಣೆ ಒತ್ತಿ ಹಿಡಿದು, "ಲೀಡರಿಗೆ ಹೇಳ್ತೀನಿ ಇರು" ಎಂದಳು.

"ಬೇಡ! ಹೇಳಬೇಡ. ನನ್ನಾಣೆ."

"ಹೇಳದೆ ಹೇಗೇ? ಎತ್ತರದ ಕಾಯಿಲೆ ಮುಚ್ಚಿಡಬೇಡಿ ಅಂತ ಎಷ್ಟು ಸಲ ಹೇಳಿದ್ದಾರೆ ಅವರು."

"ಬೆಳಗ್ಗೆ ಸರಿಹೋಗತ್ತೆ. ಈಗ ಇಳಿಸಿಬಿಟ್ರೆ ನಮ್ಮ ಯಜಮಾನರ ಮುಂದೆ ನಾನು ತಲೆ ಎತ್ತೋ ಹಾಗಿದೆಯಾ? ಜನ್ಮ ಪೂರ್ತಿ ಆಡಿಕೊಳ್ತಾರೆ. ಒಂದು ದಿನ ಸುಮ್ಮನಿರು."

ಹಲ್ಲಕ್ಕ ಸುಮ್ಮನಿದ್ದಳು. ಸುಮ್ಮನಿದ್ದದ್ದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಆದರೂ ಗೆಳತಿ ಇಟ್ಟ ಆಣೆ. ಗೆಳತಿಯ ಚೀಲದಲ್ಲಿದ್ದ ಭಾರದ ಸಾಮಾನನ್ನೆಲ್ಲ ತನ್ನ ಚೀಲಕ್ಕೆ ಹಾಕಿಕೊಂಡಳು. ಮರುದಿನ ಕಂಡಕ್ಟರಮ್ಮ ಹೇಗೋ ಕಾಲೆಳೆಯುತ್ತ ಕಂಡಿಯ ಬುಡದ ಕೊನೆಯ ತಂಗುದಾಣ ಮುಟ್ಟಿದಳು. ಲೀಡರು ಒಬ್ಬೊಬ್ಬರ ಬೆರಳಿಗೂ ರಕ್ತದ ಆಮ್ಲಜನಕ ಅಳೆಯುವ ಚಿಮಟದಂಥ ಯಂತ್ರ ಸಿಕ್ಕಿಸಿ ನೋಡಿದ. ಹಲ್ಲಕ್ಕನದನ್ನು ನೋಡಿ ಹುಬ್ಬೇರಿಸಿ "ಭೇಷ್" ಎಂದ. ಕಂಡಕ್ಟರಮ್ಮನದನ್ನು ನೋಡಿ, "ಕೈ ತಣ್ಣಗಿದೆ, ಬೆಚ್ಚಗೆ ಮಾಡ್ಕೊಳ್ಳಿ, ಆಮೇಲೆ ಇನ್ನೊಂದು ಸಲ ನೋಡ್ತೀನಿ" ಎಂದ.

ಮಧ್ಯಾಹ್ನ ಹಲ್ಲಕ್ಕ ಬಿಸಿನೀರು ತರಲು ಅಡುಗೆ ಡೇರೆಗೆ ಹೋಗಿ ಬರುವಾಗ ಕಂಡಕ್ಟರಮ್ಮ ಲೀಡರನ ಡೇರೆಯಿಂದ ಹೊರಬರುತ್ತಿದ್ದಳು. ಸದ್ಯ, ತಾನೇ ಹೋಗಿ ಔಷಧಿ ಕೇಳಿದ್ದಾಳಲ್ಲ ಎಂದು ಹಲ್ಲಕ್ಕನಿಗೆ ಸಮಾಧಾನವಾಯಿತು.

ಸಂಜೆ ಎಲ್ಲರೂ ಊಟದ ಡೇರೆಯಲ್ಲಿ ಕೂತಿದ್ದಾಗ ಲೀಡರು ನಾಳೆಯ ದಾರಿಯನ್ನು ವಿವರಿಸಿದ. ಕೊನೆಗೆ ಹಲ್ಲಕ್ಕನ ಕಡೆ ತಿರುಗಿ, ಆದರೆ ಅವಳ ಮುಖ ನೋಡದೆ, "ಅಮ್ಮಾ, ನೀವು ನಾಳೆ ಮೇಲೆ ಬರೋದು ಬೇಡ. ಬಾಲದಕ್ಕ ನಿಮ್ಮನ್ನ ಕೆಳಗೆ ಕರ್ಕೊಂಡು ಹೋಗ್ತಾಳೆ" ಎಂದ.

ಹಲ್ಲಕ್ಕ ಪಕ್ಕದವಳಿಗೆ ಹೇಳುತ್ತಿದ್ದಾನೆಂದುಕೊಂಡು ಪಕ್ಕಕ್ಕೆ ನೋಡಿದಳು. "ನಾನಾ? ನನಗೇನಾಗಿದೆ?"

"ಕಂಡಿಯ ಮೇಲೆ ಯಾರಿಗಾದ್ರೂ ಏನಾದ್ರೂ ಆದ್ರೆ ಎತ್ತಿಕೊಂಡು ಇಳಿಯೋ ಜಾಗ ಅಲ್ಲ ಅದು. ಎಲ್ಲರ ಜೀವದ ಪ್ರಶ್ನೆ. ನನ್ನ ತೀರ್ಮಾನ ಇದು, ದಯವಿಟ್ಟು ವಾದ ಬೇಡ."

"ಆಗ ಭೇಷ್ ಅಂದ್ರಲ್ಲಪ್ಪಾ ನೀವೇ..."

ಅವನು ತನ್ನ ತಟ್ಟೆಯ ಮೇಲೆ ಬಗ್ಗಿದ. ಡೇರೆಯೊಳಗೆ ಚಮಚಗಳ ಸದ್ದು ನಿಂತಿತು. ಆಗ ಕಂಡಕ್ಟರಮ್ಮ ಎದ್ದು ನಿಂತಳು. ಆ ಬಸ್ಸಿನ ಕಂಠ ಹೇಗೋ ವಾಪಸು ಬಂದಿತ್ತು. "ಅವಳೊಬ್ಬಳನ್ನೇ ಕಳಿಸೋಕೆ ನನಗೆ ಮನಸ್ಸಿಲ್ಲ. ಕೂಡಿ ಬಂದಿದ್ದೀವಿ, ಕೂಡಿ ಹೋಗ್ತೀವಿ. ಅವಳ ಜೊತೆ ನಾನೂ ಇಳೀತೀನಿ."

ಯಾರೋ ಚಪ್ಪಾಳೆ ತಟ್ಟಿದರು. ಗುಂಪಿನಲ್ಲಿದ್ದ ಚಿತ್ರಕಲೆಯ ಮೇಷ್ಟ್ರು, "ಸ್ನೇಹ ಅಂದ್ರೆ ಇದು ನೋಡಿ" ಎಂದರು. ಹಲ್ಲಕ್ಕನ ಕಣ್ಣಿನಲ್ಲಿ ನೀರು ಬಂತು. ತನ್ನ ಆಸೆ ಮಣ್ಣುಪಾಲಾದ ಸಂಕಟ ಒಂದು ಕಡೆಗಾದರೆ, ಇನ್ನೊಂದು ಕಡೆ ಒಳಗೊಳಗೇ ಒಂದು ನೆಮ್ಮದಿ: ಪಾಪ, ಕಾಯಿಲೆಯವಳು ಈ ನೆಪದಲ್ಲಾದರೂ ಕೆಳಗಿಳಿಯುತ್ತಾಳೆ, ಅವಳ ಮಾನವೂ ಉಳಿಯುತ್ತದೆ. ಗೆಳತಿಯ ಕಿವಿಯಲ್ಲಿ, "ದೇವರೇ ದಾರಿ ಮಾಡಿಕೊಟ್ಟ ಕಣೇ ನಿನಗೆ" ಎಂದೂ ಅಂದಳು. ಕಂಡಕ್ಟರಮ್ಮ ಅವಳ ತೊಡೆ ತಟ್ಟಿದಳು.

ಬೆಳಗ್ಗೆ ಗುಂಪು ಸಾಲಾಗಿ ಮೇಲಕ್ಕೆ ಹೋಯಿತು. ಹಲ್ಲಕ್ಕ ಕೆಂಪು ಜಾಕೀಟು ಕಲ್ಲುಗಳ ನಡುವೆ ಕಾಣೆಯಾಗುವ ತನಕ ನೋಡಿದಳು. ಆಮೇಲೆ ಮೂವರೂ ಇಳಿಯತೊಡಗಿದರು. ದಾರಿಯುದ್ದಕ್ಕೂ ಕಂಡಕ್ಟರಮ್ಮ ಕೂರುವಳು, ಕಕ್ಕುವಳು, ಏಳುವಳು. ಜಾರುವ ಕಡೆ ಹಲ್ಲಕ್ಕ ಮುಂದೆ ಇಳಿದು ಕೈ ಚಾಚುವಳು. ಇಬ್ಬರ ಚೀಲವೂ ಅವಳ ಮೈಮೇಲೆಯೇ: ಒಂದು ಬೆನ್ನಿಗೆ, ಒಂದು ಎದೆಗೆ. ಬಾಲದಕ್ಕ ಹಿಂದಿನಿಂದ ಇದನ್ನೆಲ್ಲ ನೋಡುತ್ತ ಬಂದಳು. ಒಂದು ಚೀಲ ನನಗೆ ಕೊಡಿ ಅಂದರೂ ಹಲ್ಲಕ್ಕ ಕೊಡಲಿಲ್ಲ.

ಮರಗಳು ಶುರುವಾಗುವಲ್ಲಿ ಕುರಿ ಕಾಯುವವರ ಒಂದು ಕಲ್ಲಿನ ಗುಡಿಸಲಿತ್ತು. ಇಳಿದಷ್ಟೂ ಕಂಡಕ್ಟರಮ್ಮನ ತಲೆನೋವು ಕಡಿಮೆಯಾಗಿ, ಒಳಗೆ ಹೋದವಳೇ ಒರಗಿ ನಿದ್ದೆಹೋದಳು. ಹೊರಗೆ ಬಿಸಿಲಿನಲ್ಲಿ ಕೂತು ಬಾಲದಕ್ಕ ಸಣ್ಣ ಒಲೆ ಹೊತ್ತಿಸಿ ಚಹ ಕಾಸಿದಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. "ಮೂರ್ಛೆರೋಗ ಇದ್ದೂ ಹೀಗೆ ನಡೆಯೋರನ್ನ ನಾನು ನೋಡಿಲ್ಲ. ಮಾತ್ರೆ ದಿನಾ ತಗೋತೀರಾ?"

ಹಲ್ಲಕ್ಕನ ಕೈಯಲ್ಲಿ ಚಹದ ಲೋಟ ಹಾಗೇ ನಿಂತಿತು. "ಏನಂದ್ರಿ?"

"ಮೂರ್ಛೆ... ಆಗಾಗ ಬಿದ್ದುಬಿಡ್ತೀರಂತಲ್ಲ. ಅದಕ್ಕೇ ಮದುವೇನೂ ಆಗಲಿಲ್ಲವಂತೆ. ನಿನ್ನೆ ನಿಮ್ಮ ಗೆಳತಿ ಬಂದು ಲೀಡರಿಗೆ ಹೇಳಿ ಅತ್ತರು. ನಾನೂ ಅಲ್ಲೇ ಇದ್ದೆ. 'ನಾನು ಹೇಳಿದ್ದು ಅಂತ ಅವಳಿಗೆ ಗೊತ್ತಾಗಬಾರದು, ಅವಳು ತುಂಬ ಸೂಕ್ಷ್ಮ' ಅಂದ್ರು. ನಿಮ್ಮ ಮೇಲೆ ಅವರಿಗೆ ಎಷ್ಟು ಪ್ರೀತಿ..." ಎನ್ನುತ್ತಿದ್ದ ಬಾಲದಕ್ಕ ಹಲ್ಲಕ್ಕನ ಮುಖ ನೋಡಿ ಬಾಯಿ ಮುಚ್ಚಿದಳು. ಗುಡಿಸಲಿನ ಕಡೆ ತಿರುಗಿ, ಮತ್ತೆ ಅವಳ ಕಡೆ ತಿರುಗಿ, ಮೆಲ್ಲಗೆ, "ಇಲ್ಲವಾ ಅಕ್ಕ?" ಎಂದಳು.

"ಇಲ್ಲ."

"ಅವರಿಗೆ ಯಾವಾಗಿಂದ ವಾಂತಿ?"

"ಮೊನ್ನೆಯಿಂದ."

ಬಾಲದಕ್ಕ ಒಲೆ ಆರಿಸಿದಳು. ಅವಳ ಕಸುಬಿನಲ್ಲಿ ಜನರನ್ನು ಹಿಂದಿನಿಂದ ನೋಡಿ ನೋಡಿ ಎಲ್ಲ ಅರ್ಥವಾಗಿಬಿಡುತ್ತಿತ್ತು. "ಮತ್ತೆ ಮೇಲೆ ಹತ್ತೋಕಾಗಲ್ಲ, ಅಕ್ಕ. ಗುಂಪು ದಾಟಿರತ್ತೆ ಈಗ" ಎಂದಳು, ಕೇಳದಿದ್ದರೂ.

ಹಲ್ಲಕ್ಕನಿಗೆ ಕಂಡಿ ತಪ್ಪಿದ್ದು ಆ ಹೊತ್ತಿಗೆ ನೆನಪಿಗೂ ಬರಲಿಲ್ಲ. ಎಲ್ಲಿಯ ಮಾತು ಎಲ್ಲಿಗೆ ಬಂತು! ಆ ಒಂದು ಪದದಿಂದ ತಪ್ಪಿಸಿಕೊಳ್ಳಲು ಅವಳು ಹುಟ್ಟಿದ ಊರು ಬಿಟ್ಟಿದ್ದಳು, ತಾಯಿಯ ಕೊನೆಗಾಲಕ್ಕೂ ದೂರದವಳಾಗಿದ್ದಳು. ಅದು ಮೋಡದ ಎತ್ತರಕ್ಕೆ, ಒಂದು ಬಟ್ಟೆಯ ಡೇರೆಯೊಳಗೆ, ಅವಳಿಗಿಂತ ಮೊದಲೇ ಬಂದು ಕೂತಿತ್ತು. ಅದನ್ನು ಅಲ್ಲಿಯ ತನಕ ಹೊತ್ತು ತಂದವಳು ಒಳಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಕೇಳಿಬಿಡಬೇಕೆಂದು ಹಲ್ಲಕ್ಕ ಒಳಗೆ ಹೋದಳು. ಮುಖ ಬಿಳಿಚಿಕೊಂಡು, ತುಟಿ ಒಡೆದು ಮಲಗಿದ್ದವಳನ್ನು ನೋಡಿ ಬಾಯಿ ಬರಲಿಲ್ಲ. ಅವಳೇ ಹೇಳಲಿ, ಅವಳಾಗಿಯೇ ಹೇಳಲಿ ಎಂದುಕೊಂಡಳು. ಕೆಳಗಿನ ಹಳ್ಳಿಯಲ್ಲಿ ಜೀಪಿಗೆ ಕಾಯುವಾಗ ಹೇಳಬಹುದಿತ್ತು. ರೈಲಿನಲ್ಲಿ ಎದುರುಬದುರು ಕೂತು ಒಂದು ಪೂರ್ತಿ ಹಗಲು ಕಳೆಯಿತು; ಆಗಲೂ ಹೇಳಬಹುದಿತ್ತು. ಕಂಡಕ್ಟರಮ್ಮ ಗುಣವಾಗಿದ್ದಳು. ಕಿತ್ತಳೆ ಸುಲಿದು ಅರ್ಧ ಕೊಟ್ಟಳು, ಮುಂದಿನ ಸ್ಟೇಷನ್ನಿನಲ್ಲಿ ಬ್ರೆಡ್ಡು ಕೊಳ್ಳೋಣವೇ ಎಂದಳು, ಆ ಲೀಡರಿಗೆ ಮನುಷ್ಯತ್ವವೇ ಇಲ್ಲ ಎಂದು ಬೈದಳು. ಬೈಯುತ್ತ ಬೈಯುತ್ತ ಅವಳಿಗೇ ಅದು ನಿಜವಾಗಿಬಿಟ್ಟಂತಿತ್ತು. ಹಲ್ಲಕ್ಕ ಕಿತ್ತಳೆಯ ತೊಳೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಊರಿಗೆ ಬಂದು ಒಂದು ವಾರವಾಗಿತ್ತು. ರಿಪೇರಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ಹಲ್ಲಕ್ಕನನ್ನು ಕಂಡಕ್ಟರಮ್ಮನ ಗಂಡ ಕರೆದ. ಅಂಗಡಿಯಲ್ಲಿ ಮೂರು ನಾಲ್ಕು ಜನ ಇದ್ದರು. ಒಳಬಾಗಿಲಲ್ಲಿ ಕಂಡಕ್ಟರಮ್ಮ ಚಹದ ತಟ್ಟೆ ಹಿಡಿದು ನಿಂತಿದ್ದಳು.

"ಬನ್ನಿ ಅಕ್ಕ, ಈಗ ಹೇಗಿದೀರಿ?" ಎಂದ ಅವನು, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ. "ನಾನು ತಮಾಷೆ ಮಾಡ್ತಿದ್ದೆ, ನನ್ನ ಮಾತು ನಾನೇ ನುಂಗಬೇಕಾಯ್ತು ನೋಡಿ. ಕಂಡಿ ಎದುರಿಗೇ ಇತ್ತಂತೆ, ಕೈ ಚಾಚಿದ್ರೆ ಸಿಗೋ ಹಾಗೆ. ನಿಮಗೋಸ್ಕರ ಬಿಟ್ಟು ಬಂದಳಲ್ಲ ನಮ್ಮೋಳು! ನಾನಾಗಿದ್ರೆ ಬರ್ತಿರಲಿಲ್ಲಪ್ಪ, ನಿಜ ಹೇಳ್ತೀನಿ." ಅಂಗಡಿಯಲ್ಲಿದ್ದವರು ಹೌದು ಹೌದು ಎಂದರು. ಒಬ್ಬರು ಹಲ್ಲಕ್ಕನಿಗೆ ಕುರ್ಚಿ ಎಳೆದುಕೊಟ್ಟು, "ನಿಂತುಕೋಬೇಡಿ, ತಲೆ ಸುತ್ತೀತು" ಎಂದರು.

ತಲೆ ಸುತ್ತೀತು. ಹಲ್ಲಕ್ಕ ಕುರ್ಚಿಯನ್ನು ನೋಡಿದಳು, ಬಾಗಿಲಲ್ಲಿದ್ದವಳನ್ನು ನೋಡಿದಳು. ಕಂಡಕ್ಟರಮ್ಮ ತಟ್ಟೆಯೊಳಗಿನ ಲೋಟಗಳನ್ನು ಎಣಿಸುವವಳಂತೆ ತಲೆ ಬಗ್ಗಿಸಿದಳು.

"ನಿಮ್ಮೋಳು ದೊಡ್ಡ ಮನಸ್ಸಿನವಳು" ಎಂದು ಹಲ್ಲಕ್ಕ ಹೇಳಿ, ಕೂರದೆ ಹೊರಟಳು.

ಹಿಂದೆಯೇ ಚಪ್ಪಲಿಯ ಸದ್ದು. ಇಸ್ತ್ರಿ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲಲ್ಲಿ ಕಂಡಕ್ಟರಮ್ಮ ಅವಳನ್ನು ಹಿಡಿದಳು. "ಗೊತ್ತಾಯ್ತಾ ನಿನಗೆ?"

"ಬೆಟ್ಟ ಪೂರ್ತಿ ಇಳಿಯೋ ಮೊದಲೇ."

"ಮತ್ತೆ ಒಂದು ಮಾತೂ ಆಡಲಿಲ್ಲ?"

"ನೀನಾಡ್ತೀಯೇನೋ ಅಂತ ಕಾದೆ."

ಕಂಡಕ್ಟರಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ಹೆದರಿಬಿಟ್ಟೆ ಕಣೇ. ಅವನು ಮತ್ತೆ ಬೆರಳಿಗೆ ಆ ಯಂತ್ರ ಇಡ್ತೀನಿ ಅಂದನಲ್ಲ. ನನ್ನೊಬ್ಬಳನ್ನೇ ಇಳಿಸ್ತಾನೆ, ನೀನು ದಾಟಿ ಬರ್ತೀಯ. ನಾನು ಶುರು ಮಾಡಿದ್ದು, ನಾನು ಒಬ್ಬಳೇ ಸೋತು ಬರೋದು! ಅವರು ಅಂಗಡೀಲಿ ಕೂತು ನಗೋದು ಕಿವೀಲಿ ಕೇಳಿಸ್ತಿತ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ಬೇರೆ ಏನಾದ್ರೂ ಹೇಳಬಹುದಿತ್ತಲ್ಲೇ. ಮೊಣಕಾಲು ನೋವು ಅನ್ನಬಹುದಿತ್ತು. ನನಗೇ ಒಂದು ಮಾತು ಹೇಳಿದ್ರೆ, ಜೊತೆಗೆ ಇಳಿಯೇ ಅಂದಿದ್ರೆ, ನಾನಾಗೇ ಇಳೀತಿದ್ದೆ."

ಅದು ನಿಜವೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಇರಬೇಕು, ಕಂಡಕ್ಟರಮ್ಮನಿಗೆ ಅಳುವಿನ ನಡುವೆ ಸಿಟ್ಟು ಬಂತು. "ಇಷ್ಟು ವರ್ಷದಲ್ಲಿ ನಾನು ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ, ಅಲ್ವಾ? ನೋಡು, ನನಗೆ ಗಂಡ, ಮಕ್ಕಳು, ಸೊಸೆ ಎಲ್ಲರ ಮುಂದೆ ಮುಖ ತೋರಿಸಬೇಕು. ನಿನಗೇನೇ, ದಾಟಿದ್ಯಾ ಬಿಟ್ಯಾ ಅಂತ ಮನೇಲಿ ಕೇಳೋರು ಯಾರಿದ್ದಾರೆ?"

ಬಾಯಿಂದ ಬಿದ್ದ ಮೇಲೆ ಅವಳಿಗೇ ಮಾತಿನ ಭಾರ ತಿಳಿಯಿತು. "ಅಯ್ಯೋ, ಹಾಗಲ್ಲ ಕಣೇ" ಎಂದು ಕೈ ಹಿಡಿಯಲು ಬಂದಳು.

ಹಲ್ಲಕ್ಕ ಕೈ ಹಿಂದಕ್ಕೆಳೆದುಕೊಂಡಳು. ಕೂಗಾಡಲಿಲ್ಲ. "ಕೇಳೋಳು ನೀನಿದ್ದೀಯ ಅಂದ್ಕೊಂಡಿದ್ದೆ" ಎಂದಳಷ್ಟೆ. ಮೇಲೆ ಹತ್ತಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ಅವಳಿಗೆ ಒಂದು ವಿಚಿತ್ರ ಕಾಟ ಶುರುವಾಯಿತು. ಹಳೆಯದೆಲ್ಲ ಅನುಮಾನಕ್ಕೆ ಬಂತು. ಗಂಜಿ ತಂದು ಬೈಯುತ್ತ ಕೂತದ್ದು ಅಕ್ಕರೆಯೋ, ಒಂಟಿ ಹೆಂಗಸಿನ ಮೇಲಿನ ಕನಿಕರವೋ? ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದು? ಮೇಜಿನ ಮುಂದೆ ಕೂತು ಮೇಣ ಕೆರೆಯುತ್ತ ಇದನ್ನೇ ಮೊಗಚಿ ಮೊಗಚಿ ನೋಡುವಳು. ಅವಳ ಜೋಕು ಕೇಳಿಸದೆ ನೆಲಮಾಳಿಗೆ ಬಣಗುಟ್ಟತೊಡಗಿತು. ಕಂಡಕ್ಟರಮ್ಮ ಕೆಲವು ದಿನ ಬೆಳಗ್ಗೆ ಬಂದು ಅಂಗಡಿಯ ಕೆಳಗೆ ನಿಂತಳು. ಕೂಗಲಿಲ್ಲ, ಕೆಮ್ಮಿದಳು. ಹಲ್ಲಕ್ಕ ಇಳಿಯಲಿಲ್ಲ. ಆಮೇಲೆ ಕೆಮ್ಮೂ ನಿಂತಿತು.

ಒಂದು ದಿನ ಅವಳು ಲೀಡರಿಗೆ ಫೋನು ಮಾಡಿದಳು. ವಿಷಯವೆಲ್ಲ ಬಾಲದಕ್ಕನಿಂದ ಅವನಿಗೆ ತಿಳಿದಿತ್ತು.

"ನನ್ನನ್ನೇ ಯಾಕೆ ಕೇಳಲಿಲ್ಲಪ್ಪ ನೀವು?"

"ಕೇಳಬೇಕಿತ್ತು, ಅಮ್ಮ. ಆದ್ರೆ ಕಾಯಿಲೆ ಇರೋರು ಇಲ್ಲ ಅಂತಾನೇ ಹೇಳೋದು, ಅದು ನನಗೆ ಅನುಭವ. ಅವರು ನಿಮ್ಮ ಪ್ರಾಣಸ್ನೇಹಿತೆ, ಅಳ್ತಾ ಹೇಳ್ತಿದ್ದಾರೆ. ಸುಳ್ಳು ಇರಬಹುದು ಅಂತ ನನಗೆ ಹೊಳೀಲೇ ಇಲ್ಲ."

"ನನಗೂ ಹೊಳೀಲಿಲ್ಲ ಬಿಡಿ" ಎಂದಳು ಹಲ್ಲಕ್ಕ.

ಮಾರನೆಯ ವರ್ಷ ಅವಳು ಅದೇ ಬೆಟ್ಟಕ್ಕೆ ಒಬ್ಬಳೇ ಹೋದಳು. ಮೊದಲ ದಿನವೇ ಹೊಸ ಗುಂಪಿನ ಎದುರಿಗೆ ನಿಂತು, ಇಪ್ಪತ್ತನಾಲ್ಕರಲ್ಲಿ ತಾನು ಹೇಗೆ ಬಿದ್ದೆ, ಡಾಕ್ಟರು ಏನೆಂದರು, ಜನ ಏನೆಂದರು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಿದಳು. "ಇನ್ನು ಯಾರೂ ಕದ್ದು ಹೇಳೋ ಕಷ್ಟ ತಗೋಬೇಡಿ" ಎಂದಳು. ಕೆಲವರು ನಕ್ಕರು. ಬಾಲದಕ್ಕ ನಗಲಿಲ್ಲ.

ಕಂಡಿ ಹತ್ತುವ ದಿನ ಮಂಜು ಮುಸುಕಿತ್ತು. ತುದಿಯಲ್ಲಿ ಗಾಳಿ ಎಷ್ಟು ಜೋರೆಂದರೆ ನೆಟ್ಟಗೆ ನಿಲ್ಲಲಾಗದು. ಶಿಖರವಿಲ್ಲ, ಆಕಾಶವಿಲ್ಲ, ಮುಂದಿದ್ದವರ ಬೆನ್ನು, ತನ್ನ ಬೂಟು, ಅಷ್ಟೇ.

"ಇಷ್ಟೇನಾ?" ಎಂದು ಗಾಳಿಯ ಮೇಲೆ ಕೂಗಿದಳು ಹಲ್ಲಕ್ಕ.

"ಇಷ್ಟೇ, ಅಕ್ಕ!" ಎಂದು ಕೂಗಿದಳು ಬಾಲದಕ್ಕ. ಇಬ್ಬರಿಗೂ ತಡೆಯಲಾರದ ನಗು ಬಂತು.

ಆಚೆ ಕಡೆ ಇಳಿದಂತೆ ಮಂಜು ಹರಿಯಿತು. ಅಲ್ಲಿಯ ಕಣಿವೆ ಈಚೆ ಕಡೆಯದರಂತಿರಲಿಲ್ಲ. ಒಂದು ಮರವಿಲ್ಲ, ಬೆಟ್ಟಗಳು ಹಳದಿ, ನೇರಳೆ, ಇಟ್ಟಿಗೆಯ ಬಣ್ಣ, ತಳದಲ್ಲಿ ಸೀಸದ ಗೆರೆಯಂಥ ಒಂದು ನದಿ. ಆ ಕಡೆ ಏನಿದೆಯೆಂದು ನೋಡಬೇಕೆಂದವಳು ನೋಡಲಿಲ್ಲ, ಒಲ್ಲೆ ಎಂದವಳು ನೋಡಿದಳು. ನೋಡುತ್ತ ನೋಡುತ್ತ ಹಲ್ಲಕ್ಕನ ಮನಸ್ಸು ತಾನಾಗಿಯೇ ಹೇಳಿಕೊಳ್ಳತೊಡಗುತ್ತಿತ್ತು: ಗೊತ್ತೇನೇ, ಆ ಬಣ್ಣ ಹೇಗಿತ್ತು ಅಂದ್ರೆ... ಅಲ್ಲಿಗೇ ಅವಳು ತನ್ನನ್ನು ತಡೆಯುವಳು. ನಾಲ್ಕು ಹೆಜ್ಜೆ ನಡೆದರೆ ಮತ್ತೆ ಅದೇ. ಇಪ್ಪತ್ತೈದು ವರ್ಷ ಕಂಡದ್ದನ್ನೆಲ್ಲ ಒಬ್ಬಳಿಗೇ ಹೇಳಿ ಅಭ್ಯಾಸವಾದ ಮನಸ್ಸು, ಕೊಳ್ಳುವವರಿಲ್ಲದ ಸಂತೆಗೆ ಸರಕು ಹೊತ್ತಂತೆ, ದಾರಿಯುದ್ದಕ್ಕೂ ಮಾತು ಕಟ್ಟುತ್ತಲೇ ಇತ್ತು.

ಊರಿಗೆ ಬಂದ ಮೇಲೆ ಕೆಲಸದವರು ಅವಳಿಂದ ಎಲ್ಲವನ್ನೂ ಕೇಳಿದರು. ಮುಖ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಹಲ್ಲುಗಳನ್ನು ಗದರಿಸುವ ಸದ್ದು ಮತ್ತೆ ನೆಲಮಾಳಿಗೆಯಲ್ಲಿ ಕೇಳಿಸಿತು. ರಿಪೇರಿ ಅಂಗಡಿಯ ಕಡೆ ಕಂಡಕ್ಟರಮ್ಮ ಏನು ಹೇಳಿಕೊಂಡಳೋ ತಿಳಿಯದು. ಕಳೆದ ವರ್ಷದ ಕಥೆಯನ್ನು ಹಲ್ಲಕ್ಕ ಅಲ್ಲಿ ಯಾರಿಗೂ ತಿದ್ದಿ ಹೇಳಲಿಲ್ಲ. ಹೇಳಿದ್ದರೆ ಆ ಗಂಡನಿಗೆ ನಗಲು ಇನ್ನೊಂದು ಸಿಗುತ್ತಿತ್ತು; ಅಷ್ಟು ಮಾತ್ರ ಅವಳ ಕೈಯಲ್ಲಿ ಆಗಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ತರಕಾರಿ ಗಾಡಿಯ ಮುಂದೆ ಇಬ್ಬರೂ ಎದುರಾದರು. ಕಂಡಕ್ಟರಮ್ಮ ಸೊರಗಿದ್ದಳು. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಹಳೆಯ ಕಂಠದ ಗುರುತೇ ಇಲ್ಲದ ದನಿಯಲ್ಲಿ ಕೇಳಿದಳು:

"ದಾಟಿದ್ಯಂತೆ. ಆ ಕಡೆ ಹೇಗಿತ್ತೇ?"

ಹಲ್ಲಕ್ಕನ ನಾಲಿಗೆಯ ತುದಿಗೆ ಹಳದಿ ಬೆಟ್ಟ, ನೇರಳೆ ಬೆಟ್ಟ, ಸೀಸದ ಗೆರೆಯಂಥ ನದಿ ಎಲ್ಲ ಬಂದವು. ಅವಳು ಒಂದು ಟೊಮೆಟೊ ಎತ್ತಿ ಬೆರಳಿನಿಂದ ಒತ್ತಿ ನೋಡಿದಳು.

"ಚಳಿ ಇತ್ತು" ಎಂದಳು. ಮೆತ್ತಗಿದ್ದ ಅದನ್ನು ವಾಪಸು ಇಟ್ಟು ಇನ್ನೊಂದನ್ನು ಆರಿಸಿದಳು.